ಬಿಡಿಎಸ್‌ಗಾಗಿ ಮತ್ತೊಮ್ಮೆ ನೀಟ್ ಬರೆಯಲಾ?

ಪ್ರಶ್ನೆ: ಮೇಡಂ, ನನಗೆ ಬಿಡಿಎಸ್ ಓದಿ ದಂತವೈದ್ಯೆ ಆಗಬೇಕು. ಈ ಸಲ ನೀಟ್‌ನಲ್ಲಿ ಸರ್ಕಾರಿ ಸೀಟಿಗೆ ಬೇಕಾದಷ್ಟು ಅಂಕ ಬರಲಿಲ್ಲ, ಫಿಸಿಕ್ಸ್ ಕೈಕೊಟ್ಟಿತು. ಖಾಸಗಿ ಕಾಲೇಜಿನ ಫೀಸು ಅಪ್ಪನಿಗೆ ಕಷ್ಟ. ಒಂದು ವರ್ಷ ಕೂತು ಮತ್ತೆ ಬರೆಯಲಾ?
– ಓದುಗರು, ಹಾವೇರಿ

ಉತ್ತರ: ನಿಮ್ಮ ಪತ್ರ ಓದಿದರೆ ಬರೆಯಿರಿ ಅಂತಲೇ ಹೇಳಬೇಕು ಅನಿಸುತ್ತದೆ. ಆದರೆ ಮೊದಲು ಈ ಸಲದ ಉತ್ತರ ಹಾಳೆ ತೆಗೆದು ಕೂತುಕೊಳ್ಳಿ. ಫಿಸಿಕ್ಸ್‌ಗೆ 720ರಲ್ಲಿ 180 ಅಂಕ, ಬಯಾಲಜಿಗೆ 360. ಬಯಾಲಜಿ ಗಟ್ಟಿಯಿದ್ದು ಫಿಸಿಕ್ಸ್ ಒಂದೇ ಎಳೆದಿದ್ದರೆ ಒಂದು ವರ್ಷದಲ್ಲಿ ಅದನ್ನು ಸರಿಮಾಡಬಹುದು. ಗೊತ್ತಿಲ್ಲದ ಪ್ರಶ್ನೆಗಳಿಗೆ ಸುಮ್ನೆ ಊಹೆ ಮಾಡಿದ್ರಾ? ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಅಂಥ 15 ಪ್ರಶ್ನೆ ಹಾಗೇ ಬಿಟ್ಟಿದ್ದರೂ 15 ಅಂಕ ಉಳಿಯುತ್ತಿತ್ತು ಅಲ್ವಾ. ಮೂರೂ ವಿಷಯ ಅರೆಬರೆ ಆಗಿದ್ದರೆ ಮಾತ್ರ, ಅದೇ ಪುಸ್ತಕ ಅದೇ ರೀತಿ ಓದಿ ಪ್ರಯೋಜನವಿಲ್ಲ, ಓದುವ ಕ್ರಮವನ್ನೇ ಬದಲಿಸಬೇಕು.

ಈ ವರ್ಷದ ಅಂಕ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ, ಅದು ನೆನಪಿರಲಿ. ಹಾಗಾಗಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಕೌನ್ಸೆಲಿಂಗ್‌ನ, ಅಂದರೆ ಸೀಟು ಹಂಚಿಕೆಯ, ಕೊನೆಯ ಸುತ್ತಿನವರೆಗೂ ಕಾಯಿರಿ. ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟು ಇರುತ್ತದೆ, ಅದರ ಫೀಸು ಮ್ಯಾನೇಜ್‌ಮೆಂಟ್ ಸೀಟಿಗಿಂತ ತುಂಬಾ ಕಡಿಮೆ. ಸೀಟು ತಗೊಂಡು ಬಿಟ್ಟರೆ ದಂಡ ಎಷ್ಟು ಅಂತ ಮೊದಲೇ ಓದಿಕೊಳ್ಳಿ. ಅಪ್ಪನ ಹತ್ತಿರ ಇವತ್ತೇ ಕೂತು, ಕೋಚಿಂಗ್‌ಗೆ ಎಷ್ಟು, ಇಡೀ ಕೋರ್ಸಿನ ಫೀಸಿಗೆ ಎಷ್ಟು ಅಂತ ಲೆಕ್ಕ ಬರೆಯಿರಿ.