ಥಲಸ್ಸೀಮಿಯಾ ಇರುವ ಮಗುವಿಗೆ ರಕ್ತ ಹಾಕಿಸೋದನ್ನು ಮುಂದಕ್ಕೆ ಹಾಕಬಹುದಾ?

ಎರಡು ವರ್ಷದ ಮಗಳಿಗೆ ಥಲಸ್ಸೀಮಿಯಾ ಮೇಜರ್ (ಮೈಯಲ್ಲಿ ಸಾಕಷ್ಟು ರಕ್ತ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ) ಇದೆ, ಆಟ ಆಡಿಕೊಂಡು ಚೆನ್ನಾಗಿಯೇ ಇದ್ದಾಳೆ, ರಕ್ತ ಹಾಕಿಸೋದನ್ನು ಒಂದೆರಡು ವಾರ ತಳ್ಳಿದರೆ ಆಸ್ಪತ್ರೆ ಓಡಾಟ ಕಡಿಮೆ ಆಗಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಮಗನಿಗೂ ಇದೇ ಕಾಯಿಲೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ಮಕ್ಕಳ ಮೈ ಕಡಿಮೆ ರಕ್ತಕ್ಕೂ ಒಗ್ಗಿಕೊಂಡುಬಿಡುತ್ತದೆ. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 7ಕ್ಕೆ ಇಳಿದಿದ್ದರೂ ಮಗು ಓಡಾಡಿಕೊಂಡೇ ಇರಬಹುದು. ಆದರೆ ಒಳಗೆ ಅಸ್ಥಿಮಜ್ಜೆ (ಮೂಳೆಯೊಳಗಿನ ಮಜ್ಜೆ) ರಕ್ತ ಮಾಡಲು ಒದ್ದಾಡುತ್ತಿರುತ್ತದೆ, ಹೀಗೇ ಬಿಟ್ಟರೆ ಮುಖದ ಮೂಳೆ ಉಬ್ಬುತ್ತದೆ, ಗುಲ್ಮ (ಸ್ಪ್ಲೀನ್) ದೊಡ್ಡದಾಗುತ್ತದೆ, ಮಗು ಎತ್ತರ ಬೆಳೆಯುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಎಚ್‌ಬಿ 9ರ ಕೆಳಗೆ ಹೋಗದ ಹಾಗೆ ರಕ್ತ ಹಾಕಿಸಲು ಹೇಳುವುದು ಇದಕ್ಕೇ. ಹೇಳಿದ ದಿನಕ್ಕೆ ಸರಿಯಾಗಿ ಆಸ್ಪತ್ರೆಯ ಡೇ ಕೇರ್‌ಗೆ ಹೋಗಿಬಂದರೆ ಮಧ್ಯರಾತ್ರಿ ಎಮರ್ಜೆನ್ಸಿಗೆ ಓಡುವುದು ಎಷ್ಟೋ ತಪ್ಪುತ್ತದೆ.

ಆ ದಿನವನ್ನೇ ಸ್ವಲ್ಪ ಹಗುರ ಮಾಡಿಕೊಳ್ಳಬಹುದು. ಸಾಧ್ಯವಾದರೆ, ರಕ್ತ ಹೊಂದುತ್ತದಾ ಅಂತ ನೋಡುವ ಕ್ರಾಸ್ ಮ್ಯಾಚ್‌ಗೆ ಹಿಂದಿನ ದಿನವೇ ಸ್ಯಾಂಪಲ್ ಕೊಟ್ಟುಬಿಡಿ, ಬೆಳಗ್ಗೆ ಕಾಯುವುದು ತಪ್ಪುತ್ತದೆ. ಪುಟ್ಟ ಕೈಯಲ್ಲಿ ನರ ಸಿಗುವುದೇ ದೊಡ್ಡ ಕಷ್ಟ, ಅಲ್ವಾ? ನಾವು ದಾರಿಯುದ್ದಕ್ಕೂ ನೀರು ಕುಡಿಸುತ್ತೇವೆ, ಬೆಚ್ಚಗಿನ ಬಟ್ಟೆಯಲ್ಲಿ ಕೈ ಸುತ್ತಿಟ್ಟುಕೊಳ್ಳುತ್ತೇವೆ. ಮಗನ ನರ ಗೊತ್ತಿರುವ ಸಿಸ್ಟರ್ ಇದ್ದರೆ ಅವರು ಬರುವವರೆಗೆ ಕಾಯುತ್ತೇವೆ, ಇದರಲ್ಲಿ ಸಂಕೋಚ ಬೇಡ. ಬಿಳಿ ರಕ್ತಕಣ ತೆಗೆದ ರಕ್ತವೇ ಕೊಡುತ್ತಾರಾ ಅಂತಲೂ ಕೇಳಿ, ಜ್ವರ, ನಡುಕ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ಕಬ್ಬಿಣದ್ದು. ಒಂದು ಬ್ಯಾಗ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ಹೊರಗೆ ಹಾಕಲು ಮೈಗೆ ದಾರಿಯೇ ಇಲ್ಲ, ಹೃದಯ, ಲಿವರ್‌ನಲ್ಲಿ ಹೋಗಿ ಕೂರುತ್ತದೆ. ಸಾಮಾನ್ಯವಾಗಿ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ) 1000 ದಾಟಿದಾಗ ಕಬ್ಬಿಣ ಹೊರಹಾಕುವ ಡೆಫೆರಾಸಿರಾಕ್ಸ್ ಮಾತ್ರೆ ಶುರು ಮಾಡುತ್ತಾರೆ. ಒಮ್ಮೆ ಶುರುವಾದರೆ ನೀವಾಗಿ ನಿಲ್ಲಿಸಬೇಡಿ. ಆದರೆ ಜೋರು ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಮಾತ್ರೆ ಮುಂದುವರಿಸಬೇಕಾ ಅಂತ ಅವರನ್ನೇ ಕೇಳಿ.

ಖರ್ಚಿನ ಬಗ್ಗೆಯೂ ವಿಚಾರಿಸಿ. ಸರ್ಕಾರಿ ಬ್ಲಡ್ ಬ್ಯಾಂಕ್‌ನಲ್ಲಿ ಈ ಮಕ್ಕಳಿಗೆ ರಕ್ತ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಸೇರಿದೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ.

ಅಣ್ಣನೋ ಅಕ್ಕನೋ ಇದ್ದರೆ ಎಚ್‌ಎಲ್‌ಎ ಪರೀಕ್ಷೆ (ಅವರ ಅಸ್ಥಿಮಜ್ಜೆ ಮಗುವಿಗೆ ಹೊಂದುತ್ತದಾ ಅಂತ ನೋಡುವುದು) ಬೇಗ ಮಾಡಿಸಿ. ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೆ ಚಿಕ್ಕ ವಯಸ್ಸಿನಲ್ಲೇ ಅಸ್ಥಿಮಜ್ಜೆ ಕಸಿ ಮಾಡಿಸಿದಷ್ಟೂ ಫಲ ಜಾಸ್ತಿ.