ಪ್ರತಿಕ್ರಿಯೆ: ಕಬ್ಬನ್ ಉದ್ಯಾನದಲ್ಲಿ ಮರಗಳ ನಡಿಗೆಗೆ ಅನುಮತಿ

ಭಾನುವಾರ ಬೆಳಿಗ್ಗೆ ಇಪ್ಪತ್ತು ಜನರಿಂದ ಶುಲ್ಕ ಪಡೆದು ಕಬ್ಬನ್ ಉದ್ಯಾನದ ಮರಗಳನ್ನು ಪರಿಚಯಿಸಬೇಕು, ಪಾಲಿಕೆಯನ್ನು ಕೇಳಬೇಕೇ ಎಂದಿದ್ದೀರಿ. ಬೇಡ, ಸುಮ್ಮನೆ ಅಲೆದಾಟ. ಕಬ್ಬನ್ ಉದ್ಯಾನವೂ ಲಾಲ್‌ಬಾಗ್ ಕೂಡ ರಾಜ್ಯ ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿವೆ. ಪಾಲಿಕೆ ನೋಡಿಕೊಳ್ಳುವುದು ಬಡಾವಣೆಗಳ ಉದ್ಯಾನಗಳನ್ನು. ಅರ್ಜಿಯನ್ನು ಕಬ್ಬನ್ ಉದ್ಯಾನದ ತೋಟಗಾರಿಕೆ ಉಪನಿರ್ದೇಶಕರಿಗೆ ಬರೆಯಿರಿ.

ಗೆಳೆಯರೊಡನೆ ಮರ ನೋಡುತ್ತಾ ನಡೆಯುವುದು ಬೇರೆ, ಟಿಕೆಟ್ ಮಾರಿ ಜನ ಸೇರಿಸುವುದು ಬೇರೆ. ಈ ಎರಡೂ ಉದ್ಯಾನಗಳು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜಾಗಗಳು. ಆದ್ದರಿಂದ ದಿನಾಂಕ, ವೇಳೆ, ಜನರ ಸಂಖ್ಯೆ, ನಡೆಯುವ ದಾರಿ, ಪಡೆಯುವ ಹಣ ಎಲ್ಲವನ್ನೂ ಬರೆಯಿರಿ. ಹಣದ ವಿಷಯ ಮುಚ್ಚಿಡಬೇಡಿ. ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನು ಮರೆಯದೆ ಕೇಳಿ ಪಡೆಯಿರಿ, ಆದರೆ ಅದೇ ಅನುಮತಿ ಎಂದು ತಿಳಿಯಬೇಡಿ. ನಾನು ಒಮ್ಮೆ ಬೇರೊಂದು ಉದ್ಯಾನದಲ್ಲಿ ಬಾಯಿಮಾತಿನ ಒಪ್ಪಿಗೆ ನಂಬಿ ಹೋಗಿ, ಹನ್ನೆರಡು ಜನರೆದುರು ಕಾವಲುಗಾರರಿಗೆ ಉತ್ತರ ಕೊಡಲಾಗದೆ ನಿಂತಿದ್ದೆ.

ಧ್ವನಿವರ್ಧಕ ಬೇಡ, ಎಲೆ, ಕಾಯಿ ಕೀಳಬೇಡಿ, ಉದುರಿದ್ದನ್ನು ತೋರಿಸಿದರೆ ಸಾಕು. ಮುಂದೆ ಲಾಲ್‌ಬಾಗಿಗೂ ಹೋಗುವುದಾದರೆ ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ. ಆ ಜನಜಂಗುಳಿಯಲ್ಲಿ ನಿಮ್ಮ ಮಾತು ನಿಮಗೇ ಕೇಳಿಸುವುದಿಲ್ಲ.