ಕಣ್ಣಿಗೆ ಕಟ್ಟಿದ ಬಟ್ಟೆ, ಕಿವಿಗೆ ಕಟ್ಟಿದ ಮಳೆ

ಪ್ರಿಯ ಓದುಗರೇ,

ಅಂಧರು ಹಿಡಿದು ನಡೆಯುವ ಬಿಳಿ ಬೆತ್ತದ ಹೆಸರಿನಲ್ಲಿ ಆಚರಿಸುವ ಅಕ್ಟೋಬರ್ 15ರ ದಿನ ನೀವು ಪಾಠ ಮಾಡುವ ಶಾಲೆಯಲ್ಲಿ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ ಜಗಲಿಯುದ್ದಕ್ಕೂ ನಡೆಸಿದರೆಂದೂ, ನಾಲ್ಕು ಹೆಜ್ಜೆಗೇ ನಿಮ್ಮ ಅಂಗೈ ಬೆವೆತು ಗೋಡೆಗೆ ಆತು ನಿಂತಿರೆಂದೂ ಬರೆದಿದ್ದೀರಿ. ‘ಹತ್ತು ನಿಮಿಷಕ್ಕೇ ನನಗೆ ಹೀಗಾದರೆ, ಜೀವಮಾನವಿಡೀ ಕತ್ತಲಲ್ಲಿರುವವರು ಈ ಭಯವನ್ನು ಹೇಗೆ ತಾಳುತ್ತಾರೆ?’ ಎಂದು ಕೇಳಿದ್ದೀರಿ. ಎರಡು ಸಾಲಲ್ಲಿ ಉತ್ತರಿಸಿ ಮುಗಿಸಲು ಮನಸ್ಸು ಬರಲಿಲ್ಲ.

ನಿಮ್ಮ ಭಯ ನಿಜವಾದದ್ದೇ. ಆದರೆ ಅದು ಈಗಷ್ಟೇ ಕಣ್ಣು ಕಟ್ಟಿಸಿಕೊಂಡವರ ಭಯ. ಹುಟ್ಟಿನಿಂದಲೇ ಏನೂ ಕಾಣದವರ ಮುಂದೆ ಕಪ್ಪು ಪರದೆಯೊಂದು ಇಳಿಬಿದ್ದಿರುವುದಿಲ್ಲ. ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣುತ್ತಿದೆ, ಯೋಚಿಸಿ. ಅಲ್ಲಿ ಕತ್ತಲೂ ಇಲ್ಲ, ಬೆಳಕೂ ಇಲ್ಲ. ಅವರಿಗೂ ಹೆಚ್ಚುಕಡಿಮೆ ಹಾಗೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಏರಿಯಲ್ ಸಿಲ್ವರ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ, ಸ್ವತಃ ಅಂಧರು, ನಿಮ್ಮ ಶಾಲೆಯಲ್ಲಿ ನಡೆದಂಥದ್ದನ್ನೇ ಪರೀಕ್ಷಿಸಿದರು. ಕಣ್ಣು ಕಟ್ಟಿಕೊಂಡು ತಡಕಾಡಿದವರಲ್ಲಿ ಕನಿಕರವೇನೋ ಹೆಚ್ಚಿದ್ದಿರಬಹುದು. ಆದರೆ ಅಂಧರು ಕೆಲಸ ಮಾಡಬಲ್ಲರು, ಸ್ವತಂತ್ರವಾಗಿ ಬಾಳಬಲ್ಲರು ಎಂಬ ನಂಬಿಕೆ ಕುಗ್ಗಿತು. ಮೊದಲ ದಿನದ ಗಾಬರಿಯನ್ನೇ ಅವರು ಇಡೀ ಬದುಕೆಂದು ಎಣಿಸಿದ್ದರು. ನಿಮ್ಮ ಮಕ್ಕಳೂ ಅದನ್ನೇ ಮನೆಗೆ ಒಯ್ದಿದ್ದಾರೆಯೇ ಎಂಬುದು ನನ್ನ ಚಿಂತೆ.

ಹಾಗಾದರೆ ಅಂಧರಿಗೆ ಭಯವೇ ಇಲ್ಲವೇ? ಇದೆ. ಆದರೆ ನಾವು ಅದನ್ನು ಹುಡುಕುವ ಜಾಗದಲ್ಲಿಲ್ಲ.

1944ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಎದುರಿಗೆ ಗೋಡೆ ಬಂದರೆ ಮುಖಕ್ಕೆ ಏನೋ ಒತ್ತಿದಂತೆ ತಿಳಿಯುತ್ತದೆ ಎಂದು ಅನೇಕ ಅಂಧರು ಹೇಳುತ್ತಿದ್ದರು. ಸಂಶೋಧಕರು ಅಂಥವರ ಮುಖಕ್ಕೆ ದಪ್ಪ ಉಣ್ಣೆಬಟ್ಟೆ ಮುಚ್ಚಿ ನಡೆಸಿದರು. ಅಡ್ಡ ಇಟ್ಟ ಹಲಗೆ ಆಗಲೂ ತಿಳಿಯಿತು. ಕಿವಿ ಮುಚ್ಚಿದಾಗ ನಡೆಯುತ್ತಿದ್ದವರು ನೇರ ಹೋಗಿ ಡಿಕ್ಕಿ ಹೊಡೆದರು. ಮುಖಕ್ಕೆ ತಟ್ಟಿದಂತೆ ಅನಿಸುತ್ತಿದ್ದದ್ದು ಹೆಜ್ಜೆಯ ಸಪ್ಪಳದ ಮರುದನಿ. ಕಣ್ಣಿದ್ದೂ ಬಟ್ಟೆ ಕಟ್ಟಿಕೊಂಡಿದ್ದ ಇಬ್ಬರು ಅಭ್ಯಾಸದಿಂದ ಇದನ್ನು ಕಲಿತರು. ನೀವು ಆತು ನಿಂತ ಆ ಗೋಡೆಯೂ ನಿಮ್ಮೊಡನೆ ಮಾತಾಡುತ್ತಿತ್ತು. ಕೇಳಿಸಿಕೊಳ್ಳಲು ನಿಮಗೆ ಸಮಯ ಕೊಡಲಿಲ್ಲ, ಅಷ್ಟೇ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಹಲ್ ನಡುವಯಸ್ಸಿನಲ್ಲಿ, 1980ರ ದಶಕದ ಆರಂಭದಲ್ಲಿ, ದೃಷ್ಟಿಯನ್ನು ಪೂರ್ತಿ ಕಳೆದುಕೊಂಡರು. ತಮ್ಮ ಅನುಭವವನ್ನು ಕ್ಯಾಸೆಟ್‌ಗಳಲ್ಲಿ ಮಾತಾಡಿ ದಾಖಲಿಸಿದರು. ಉಸಿರು ಕಟ್ಟಿಸುವ ಗಾಬರಿಯನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಮಳೆ ಅವರಿಗೆ ವರವಾಗಿತ್ತು. ಹನಿ ಎಲೆಯ ಮೇಲೆ ಬಿದ್ದರೆ ಒಂದು ದನಿ, ಕಲ್ಲಿನ ಮೇಲೆ ಬಿದ್ದರೆ ಇನ್ನೊಂದು; ಇಡೀ ತೋಟ ಎದುರಿಗೆ ಮೂಡುತ್ತಿತ್ತು. ಮನೆಯೊಳಗೂ ಮಳೆ ಸುರಿದಿದ್ದರೆ ಎಂದು ಹಂಬಲಿಸಿದವರು ಅವರು. ಹಿಮ ಬಿದ್ದ ದಿನ ಮಾತ್ರ ದಾರಿಯ ಅಂಚು, ಹೆಜ್ಜೆಯ ಸದ್ದು ಎಲ್ಲವೂ ಹೂತುಹೋಗುತ್ತಿದ್ದವು.

ಇದನ್ನು ಓದಿದಾಗ ನನಗೆ ನಮ್ಮ ಅಜ್ಜಿ ನೆನಪಾದರು. ಗ್ಲಾಕೋಮಾದಿಂದ ಕಣ್ಣು ಹೋದ ಮೇಲೂ ಬಾವಿಕಟ್ಟೆ, ಕೊಟ್ಟಿಗೆ, ಅಡುಗೆಮನೆ ಎಲ್ಲ ಕಡೆ ಸಲೀಸಾಗಿ ಓಡಾಡಿಕೊಂಡಿದ್ದವರು. ಆಷಾಢದಲ್ಲಿ ಹೊಸದಾಗಿ ಹಾಕಿಸಿದ ತಗಡಿನ ಮಾಡಿನ ಮೇಲೆ ಮಳೆ ಧೋ ಎಂದು ಸುರಿಯತೊಡಗಿದರೆ ಮಾತ್ರ ನಡುಮನೆಯ ಕಂಬ ಹಿಡಿದು ಕೂತುಬಿಡುತ್ತಿದ್ದರು. ‘ಯಾರಾದ್ರೂ ಮಾತಾಡ್ತಾ ಇರ್‍ರೋ’ ಎನ್ನುತ್ತಿದ್ದರು. ಮಳೆಗೆ ಹೆದರುತ್ತಾರೆಂದು ನಾವು ಮಕ್ಕಳು ನಗುತ್ತಿದ್ದೆವು. ಹಲ್ ಅವರಿಗೆ ತೋಟ ತೆರೆದು ತೋರಿಸಿದ ಮಳೆಯೇ ಆ ತಗಡಿನ ಕೆಳಗೆ ಅಜ್ಜಿಯ ಮನೆಯನ್ನು ಅಳಿಸಿಹಾಕುತ್ತಿತ್ತು ಎಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು. ಅವರು ಕುರುಡರಾಗುತ್ತಿದ್ದದ್ದು ಆ ಹೊತ್ತಿನಲ್ಲಿ.

ಇಂದಿನ ತಗಡಿನ ಮಾಡುಗಳು ಬೇರೆ: ಅಂಗಡಿ ಮುಂದಿನ ಜನರೇಟರು, ದೀಪಾವಳಿಯ ಸರಪಟಾಕಿ, ಮೆರವಣಿಗೆಯ ಡಿಜೆ. ಇನ್ನು ಎಲೆಕ್ಟ್ರಿಕ್ ವಾಹನಗಳು ಸದ್ದಿಲ್ಲದೆ ಮೈಮೇಲೆ ಬರುತ್ತವೆ. ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ನಿಧಾನವಾಗಿ ಚಲಿಸುವಾಗ ಕೃತಕ ಸದ್ದು ಹೊರಡಿಸಲೇಬೇಕು. ಮತ್ತೊಂದು ಭಯಕ್ಕೆ ಕಾರಣ ನಾವೇ: ಮಾತಿಲ್ಲದೆ ತೋಳು ಹಿಡಿದು ರಸ್ತೆ ದಾಟಿಸಲು ಎಳೆಯುವುದು, ಮಾತಿನ ನಡುವೆ ಹೇಳದೆ ಎದ್ದುಹೋಗುವುದು. ಗಾಳಿಯೊಡನೆ ಮಾತಾಡುತ್ತ ಕೂತಿದ್ದೆನೆಂದು ತಿಳಿದಾಗ ಆಗುವ ನೋವನ್ನು ಯಾವ ಬಟ್ಟೆ ಕಟ್ಟಿಯೂ ಮಕ್ಕಳಿಗೆ ಕಲಿಸಲಾಗದು.

ಮುಂದಿನ ಅಕ್ಟೋಬರಿನಲ್ಲಿ ಹೀಗೆ ಮಾಡಿ ನೋಡಿ. ಬೆತ್ತ ಹಿಡಿದು ದಿನವೂ ಕೆಲಸಕ್ಕೆ ಹೋಗಿಬರುವ ಒಬ್ಬರನ್ನು ಶಾಲೆಗೆ ಕರೆಯಿರಿ. ಬೆತ್ತದ ತುದಿ ಸಿಮೆಂಟಿಗೆ, ಮಣ್ಣಿಗೆ, ತೆರೆದ ಬಾಗಿಲಿನೆದುರು ಬೇರೆ ಬೇರೆ ದನಿ ಕೊಡುವುದನ್ನು ಅವರೇ ಮಕ್ಕಳಿಗೆ ಕೇಳಿಸಲಿ. ಇದಕ್ಕೆ ಅರ್ಧ ದಿನವಾದರೂ ಕೊಡಿ. ಮಕ್ಕಳು ಏನೇನು ಕೇಳಿಸಿಕೊಂಡರೆಂದು ಬರೆದು ಕಳಿಸಿದರೆ, ಈ ಪುಟದಲ್ಲೇ ಪ್ರಕಟಿಸುತ್ತೇನೆ.

— ಸಂಪಾದಕ